ಪ್ರೊಸೆಸರ್ ಬದಲಿಸಿದರೂ ಬೆಳಗದ ಪರದೆ: ಹಳೆಯ ಕಂಪ್ಯೂಟರಿನ ದೋಷ ಪತ್ತೆ ಹೇಗೆ?

ಹತ್ತು-ಹನ್ನೆರಡು ವರ್ಷಗಳಿಂದ ದುಡಿಯುತ್ತಿರುವ ಡೆಸ್ಕ್‌ಟಾಪ್ ಕಂಪ್ಯೂಟರುಗಳಿಗೆ ರಾಜ್ಯದ ನಗರಗಳಲ್ಲಿ ಇಂದಿಗೂ ಕೊರತೆಯಿಲ್ಲ. ಲೆಕ್ಕಪರಿಶೋಧಕರ ಕಚೇರಿ, ಡಿಟಿಪಿ ಕೇಂದ್ರ, ಔಷಧದ ಅಂಗಡಿಯ ಬಿಲ್ಲಿಂಗ್ ಮೇಜು, ಮಕ್ಕಳ ಓದಿನ ಕೋಣೆ ಹೀಗೆ ಎಲ್ಲೆಡೆ ಅವು ತಮ್ಮ ಪಾಡಿಗೆ ಕೆಲಸ ಮಾಡುತ್ತಿವೆ. ಯಂತ್ರ ನಿಧಾನವಾಯಿತೆನಿಸಿದಾಗ ಹೊಸದನ್ನು ಕೊಳ್ಳುವ ಬದಲು, ಅದೇ ಮದರ್‌ಬೋರ್ಡಿಗೆ ಒಗ್ಗುವ ಹೆಚ್ಚು ಶಕ್ತಿಯ ಪ್ರೊಸೆಸರನ್ನು ಹಳೆಯ ಬಿಡಿಭಾಗಗಳ ಮಾರುಕಟ್ಟೆಯಿಂದ ತಂದು ಕೂರಿಸುವುದು ಮಿತವ್ಯಯದ ದಾರಿ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಗಳು ಇಂತಹ ವ್ಯಾಪಾರಕ್ಕೆ ಹೆಸರಾಗಿವೆ.

ಆದರೆ ಪ್ರೊಸೆಸರ್ ಬದಲಿಸಿ ಗುಂಡಿ ಒತ್ತಿದಾಗ ಫ್ಯಾನ್ ತಿರುಗಿ, ದೀಪ ಹೊತ್ತಿ, ಪರದೆ ಮಾತ್ರ ಕಪ್ಪಾಗಿಯೇ ಉಳಿಯುವುದು ಸಾಮಾನ್ಯ ಅನುಭವ. ಆ ಗಳಿಗೆಯಲ್ಲಿ ಬಳಕೆದಾರರು ಮಾರಾಟಗಾರನನ್ನು ದೂರುತ್ತಾರೆ. ಮಾರಾಟಗಾರ ಮದರ್‌ಬೋರ್ಡನ್ನು ದೂರುತ್ತಾನೆ. ವಾಸ್ತವದಲ್ಲಿ ಪ್ರೊಸೆಸರ್ ತಾನಾಗಿಯೇ ಕೆಟ್ಟುಹೋಗುವುದು ವಿರಳ. ದೋಷ ಬಹುತೇಕ ಹೊಂದಾಣಿಕೆ, ಬಯೋಸ್ ತಂತ್ರಾಂಶ, ವಿದ್ಯುತ್ ಸಂಪರ್ಕ ಅಥವಾ ಜೋಡಣೆ ಈ ನಾಲ್ಕರಲ್ಲೊಂದು ಕಡೆ ಅಡಗಿರುತ್ತದೆ. ಕ್ರಮ ತಪ್ಪದೆ ಹುಡುಕಿದರೆ ಅದನ್ನು ಮನೆಯಲ್ಲಿಯೇ ಪತ್ತೆಹಚ್ಚಲು ಸಾಧ್ಯ.

ಗೂಡು ಒಂದೇ, ಹೊಂದಾಣಿಕೆ ಬೇರೆ

ಪ್ರೊಸೆಸರ್ ಕೂರುವ ಸ್ಥಳಕ್ಕೆ ಸಾಕೆಟ್ ಎಂದು ಹೆಸರು. ಇಂಟೆಲ್ ಸಂಸ್ಥೆಯ ಎಲ್‌ಜಿಎ 775, 1155, 1150, 1151 ಮೊದಲಾದ ಸಾಕೆಟ್‌ಗಳ ಹೆಸರಿನಲ್ಲಿರುವ ಅಂಕಿ ಸಂಪರ್ಕ ಬಿಂದುಗಳ ಸಂಖ್ಯೆಯನ್ನು ಸೂಚಿಸುತ್ತದೆ. ಸಾಕೆಟ್ ಸರಿಹೊಂದಿತೆಂದ ಮಾತ್ರಕ್ಕೆ ಪ್ರೊಸೆಸರ್ ಕೆಲಸ ಮಾಡುತ್ತದೆಂಬುದು ಅತ್ಯಂತ ವ್ಯಾಪಕವಾದ ತಪ್ಪು ಕಲ್ಪನೆ.

ಎಲ್‌ಜಿಎ 775 ಸಾಕೆಟ್ 2004ರಲ್ಲಿ ಪೆಂಟಿಯಂ 4 ಜೊತೆ ಬಂದಿತು. 2006ರ ಜುಲೈನಲ್ಲಿ ಬಂದ ಕೋರ್ 2 ಡ್ಯುಯೊ ಕೂಡ ಅದೇ ಸಾಕೆಟ್‌ನಲ್ಲಿ ಕೂರುತ್ತಿತ್ತು. ಆದರೂ ಆರಂಭದ 915 ಚಿಪ್‌ಸೆಟ್‌ನ ಬೋರ್ಡುಗಳು ಅದನ್ನು ನಡೆಸಲಾರವು. 2017ರಲ್ಲಿ ಬಂದ ಇಂಟೆಲ್‌ನ ಎಂಟನೆಯ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳ ಕಥೆಯೂ ಇದೇ. ಅವುಗಳ ಸಾಕೆಟ್ 1151 ಆದರೂ, ಅದೇ ಅಂಕಿಯ 100 ಮತ್ತು 200 ಸರಣಿಯ ಚಿಪ್‌ಸೆಟ್‌ಗಳ ಬೋರ್ಡುಗಳಿಗೆ ಅವು ಹೊಂದುವುದಿಲ್ಲ. 300 ಸರಣಿಯ ಬೋರ್ಡೇ ಬೇಕು.

ಇಂದು ಹೆಚ್ಚಾಗಿ ಉನ್ನತೀಕರಣಕ್ಕೆ ಒಳಗಾಗುವ ಹಳೆಯ ಯಂತ್ರಗಳಲ್ಲಿ 1155 ಸಾಕೆಟ್‌ನವು ಮುಖ್ಯ. 2011ರ ಎರಡನೆಯ ಪೀಳಿಗೆ, ಅಂದರೆ ಸ್ಯಾಂಡಿ ಬ್ರಿಜ್ ಮತ್ತು 2012ರ ಮೂರನೆಯ ಪೀಳಿಗೆ, ಅಂದರೆ ಐವಿ ಬ್ರಿಜ್ ಈ ಸಾಕೆಟ್‌ಗೆ ಸೇರಿದವು. ಎಚ್61 ಚಿಪ್‌ಸೆಟ್‌ನ ಬೋರ್ಡಿನಲ್ಲಿ ಎರಡು ಕೋರ್‌ಗಳ ಐ3-2100 ತೆಗೆದು ನಾಲ್ಕು ಕೋರ್‌ಗಳ ಐ7-3770 ಹಾಕುವುದು ಇದಕ್ಕೆ ಒಳ್ಳೆಯ ಉದಾಹರಣೆ. ಬಯೋಸ್ ಪರಿಷ್ಕರಿಸಿದರೆ ಅನೇಕ ಎಚ್61 ಬೋರ್ಡುಗಳು ಇದನ್ನು ಒಪ್ಪುತ್ತವೆ. ಆದರೆ ಅದೇ ಕಾಲದ ಬಿ65, ಕ್ಯೂ65 ಹಾಗೂ ಕ್ಯೂ67 ಚಿಪ್‌ಸೆಟ್‌ಗಳಿಗೆ ಮೂರನೆಯ ಪೀಳಿಗೆಯ ಅಧಿಕೃತ ಬೆಂಬಲವಿಲ್ಲ. ಕಚೇರಿಗಳಿಂದ ಹೊರಬಂದು ಮರುಮಾರಾಟವಾಗುವ ಡೆಲ್ ಆಪ್ಟಿಪ್ಲೆಕ್ಸ್ 790 ಯಂತ್ರದಲ್ಲಿರುವುದು ಕ್ಯೂ65. ಅದರ ನಂತರದ ಆಪ್ಟಿಪ್ಲೆಕ್ಸ್ 7010ರಲ್ಲಿರುವುದು ಕ್ಯೂ77. ಹೊರನೋಟಕ್ಕೆ ಹೆಚ್ಚು ಭೇದವಿಲ್ಲದ ಈ ಎರಡರಲ್ಲಿ ಎರಡನೆಯದು ಮಾತ್ರ ಐ7-3770ಕ್ಕೆ ತಕ್ಕುದು.

ಆದ್ದರಿಂದ ಹಣ ಕೊಡುವ ಮುನ್ನ ಮದರ್‌ಬೋರ್ಡ್ ತಯಾರಕರ ಜಾಲತಾಣದಲ್ಲಿರುವ ಪ್ರೊಸೆಸರ್ ಬೆಂಬಲ ಪಟ್ಟಿಯನ್ನು ನೋಡುವುದು ಅನಿವಾರ್ಯ. ಬೋರ್ಡಿನ ಹೆಸರಷ್ಟೇ ಸಾಲದು. ಅದರ ಮೇಲೆ ಮುದ್ರಿಸಿರುವ ಆವೃತ್ತಿ ಸಂಖ್ಯೆಯನ್ನೂ ಗಮನಿಸಬೇಕು. ಒಂದೇ ಹೆಸರಿನ ಬೋರ್ಡಿನ ಎರಡು ಆವೃತ್ತಿಗಳಿಗೆ ಬೇರೆ ಬೇರೆ ಪಟ್ಟಿ, ಬೇರೆ ಬೇರೆ ಬಯೋಸ್ ಇರುವುದುಂಟು.

ಬಯೋಸ್ ಎಂಬ ದ್ವಾರಪಾಲಕ

ವಿದ್ಯುತ್ ಹರಿದೊಡನೆ ಪ್ರೊಸೆಸರ್ ಮೊದಲು ಓದುವುದು ವಿಂಡೋಸನ್ನಲ್ಲ, ಮದರ್‌ಬೋರ್ಡಿನ ಪುಟ್ಟ ಚಿಪ್‌ನಲ್ಲಿರುವ ಬಯೋಸ್ ತಂತ್ರಾಂಶವನ್ನು. ಯಾವ ಯಾವ ಪ್ರೊಸೆಸರನ್ನು ಹೇಗೆ ಚಾಲನೆಗೊಳಿಸಬೇಕೆಂಬ ಸೂಚನೆಗಳು ಅದರಲ್ಲಿರುತ್ತವೆ. 2011ರಲ್ಲಿ ಬರೆದ ಬಯೋಸ್‌ಗೆ 2012ರ ಪ್ರೊಸೆಸರಿನ ಪರಿಚಯ ಇರಲಾರದು. ಪರಿಚಯವಿಲ್ಲದ ಪ್ರೊಸೆಸರ್ ಎದುರಾದಾಗ ಚಾಲನೆ ಬಹಳ ಬೇಗ, ಪರದೆಗೆ ಚಿತ್ರ ಕಳುಹಿಸುವ ಹಂತಕ್ಕೂ ಮೊದಲೇ ನಿಂತುಬಿಡುತ್ತದೆ. ದೋಷ ಇಂಥದ್ದೆಂದು ಯಂತ್ರ ಹೇಳದಿರುವುದಕ್ಕೆ ಕಾರಣ ಇದೇ. ಹೇಳಲು ಬೇಕಾದ ಬಾಯಿ ಇನ್ನೂ ತೆರೆದಿರುವುದೇ ಇಲ್ಲ.

ಇದಕ್ಕೆ ಪರಿಹಾರ ಸರಳ: ಹಳೆಯ ಪ್ರೊಸೆಸರನ್ನು ಮರಳಿ ಕೂರಿಸಿ, ಬಯೋಸ್ ಪರಿಷ್ಕರಿಸಿ, ಆಮೇಲೆ ಹೊಸದನ್ನು ಹಾಕುವುದು. ಆದರೆ ಅನೇಕರು ಇಲ್ಲಿಯೇ ಎಡವುತ್ತಾರೆ. ಅಂಗಡಿಯಲ್ಲಿ ಹಳೆಯ ಪ್ರೊಸೆಸರನ್ನು ವಿನಿಮಯಕ್ಕೆ ಕೊಟ್ಟು ಬಂದವರ ಕೈಯಲ್ಲಿ ಬಯೋಸ್ ಪರಿಷ್ಕರಿಸಲು ಬೇಕಾದ ಏಕೈಕ ಕೀಲಿಕೈಯೂ ಉಳಿದಿರುವುದಿಲ್ಲ. ಹೊಸ ಪ್ರೊಸೆಸರ್ ಕೆಲವು ದಿನ ನೆಮ್ಮದಿಯಾಗಿ ಓಡುವ ತನಕ ಹಳೆಯದನ್ನು ಮಾರಬಾರದೆಂಬುದು ಈ ಕೆಲಸದ ಮೊದಲ ನಿಯಮ. ಈಗಾಗಲೇ ಕೊಟ್ಟಾಗಿದ್ದರೆ ಅದೇ ಸಾಕೆಟ್‌ನ, ಎರಡನೆಯ ಪೀಳಿಗೆಯ ಸೆಲೆರಾನ್ ಜಿ530ಯಂತಹ ಅಗ್ಗದ ಪ್ರೊಸೆಸರನ್ನು ಒಂದು ಗಂಟೆಯ ಮಟ್ಟಿಗೆ ಎರವಲು ಪಡೆದರೂ ಕೆಲಸ ಆಗುತ್ತದೆ. ಅದೂ ಸಿಗದಿದ್ದರೆ ಬಯೋಸ್ ಚಿಪ್‌ಗೆ ಹೊರಗಿನಿಂದಲೇ ಬರೆಯುವ ಪ್ರೋಗ್ರಾಮರ್ ಉಪಕರಣ ಇರುವ ದುರಸ್ತಿಗಾರರ ಬಳಿ ಹೋಗಬೇಕು.

ಈಗಿರುವ ಬಯೋಸ್ ಆವೃತ್ತಿಯನ್ನು ತಿಳಿಯಲು ವಿಂಡೋಸ್‌ನಲ್ಲಿ ಎಂಎಸ್‌ಇನ್ಫೊ32 ಎಂಬ ಆದೇಶ ಸಾಕು. ಬೆಂಬಲ ಪಟ್ಟಿಯಲ್ಲಿ ಪ್ರತಿಯೊಂದು ಪ್ರೊಸೆಸರಿನ ಎದುರು ಅದಕ್ಕೆ ಬೇಕಾದ ಕನಿಷ್ಠ ಆವೃತ್ತಿ ನಮೂದಾಗಿರುತ್ತದೆ. ತಯಾರಕರ ತಾಣದಿಂದ ಕಡತ ಇಳಿಸಿ, ಎಫ್‌ಎಟಿ32 ಮಾದರಿಯಲ್ಲಿ ಸಿದ್ಧಪಡಿಸಿದ ಪೆನ್‌ಡ್ರೈವ್‌ಗೆ ಹಾಕಿ, ಬಯೋಸ್‌ನೊಳಗಿನ ಪರಿಷ್ಕರಣೆಯ ಸೌಲಭ್ಯದಿಂದಲೇ ಅದನ್ನು ಅಳವಡಿಸುವುದು ಹೆಚ್ಚು ಸುರಕ್ಷಿತ. ನಡುವೆ ವಿದ್ಯುತ್ ಕೈಕೊಟ್ಟರೆ ಬಯೋಸ್ ಅರ್ಧಂಬರ್ಧವಾಗಿ ಬೋರ್ಡೇ ನಿಶ್ಚೇಷ್ಟಿತವಾಗುವ ಅಪಾಯವಿದೆ. ಹೀಗಾಗಿ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕುವುದು ಸಲ್ಲದು. ಕೆಲವು ಎಚ್61 ಬೋರ್ಡುಗಳಲ್ಲಿ ಬಯೋಸ್ ಜೊತೆಗೆ ಇಂಟೆಲ್ ಮ್ಯಾನೇಜ್‌ಮೆಂಟ್ ಎಂಜಿನ್ ಎಂಬ ಇನ್ನೊಂದು ತಂತ್ರಾಂಶವನ್ನೂ ಪರಿಷ್ಕರಿಸಬೇಕಾಗುತ್ತದೆ. ತಯಾರಕರು ಹೇಳಿದ ಅನುಕ್ರಮವನ್ನು ಅಲ್ಲಿ ಮೀರಬಾರದು.

ಎಎಂಡಿ ಯಂತ್ರಗಳಲ್ಲಿಯೂ ಇದೇ ನ್ಯಾಯ. 2017ರ ಎಎಂ4 ಬೋರ್ಡುಗಳ ಪೈಕಿ ಅನೇಕವು 2020ರ ಕೊನೆಗೆ ಬಂದ ರೈಜನ್ 5000 ಸರಣಿಗೆ ಬೆಂಬಲ ಪಡೆದದ್ದು 2022ರ ಬಯೋಸ್ ಪರಿಷ್ಕರಣೆಗಳಿಂದ. ಚಿಪ್‌ನ ಸ್ಥಳ ಸಾಲದೆ ಕೆಲವು ಹೊಸ ಬಯೋಸ್‌ಗಳು ಹಳೆಯ ಪ್ರೊಸೆಸರುಗಳ ಬೆಂಬಲವನ್ನು ಕೈಬಿಟ್ಟಿರುವುದೂ ಉಂಟು. ಆದಕಾರಣ ಪರಿಷ್ಕರಣೆಗೆ ಮುನ್ನ ಟಿಪ್ಪಣಿ ಓದುವುದು ಒಳಿತು.

ಪರದೆ ಕಪ್ಪಾಗಿಯೇ ಉಳಿದಾಗ

ಬಯೋಸ್ ಸರಿಯಿದೆಯೆಂದು ಖಚಿತವಾದ ಮೇಲೂ ಪರದೆ ಬೆಳಗದಿದ್ದರೆ ಒಂದೊಂದೇ ಸಾಧ್ಯತೆಯನ್ನು ಕಳೆಯುತ್ತ ಹೋಗಬೇಕು. ಒಮ್ಮೆಗೆ ಒಂದೇ ಬದಲಾವಣೆ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂಬುದು ತಿಳಿಯುವುದಿಲ್ಲ. ಪ್ರತಿ ಬಾರಿಯೂ ವಿದ್ಯುತ್ ತಂತಿಯನ್ನು ಗೋಡೆಯಿಂದ ಕಿತ್ತ ನಂತರವೇ ಒಳಗೆ ಕೈಹಾಕಬೇಕು.

ಮೊದಲು ಫ್ಯಾನಿನ ವರ್ತನೆಯನ್ನು ಗಮನಿಸಬೇಕು. ಅದು ತಿರುಗುವುದೇ ಇಲ್ಲವಾದರೆ ಪವರ್ ಸಪ್ಲೈ ಸಂಪರ್ಕ ಅಥವಾ ಮುಂಭಾಗದ ಗುಂಡಿಯ ಸಣ್ಣ ತಂತಿ ಸಡಿಲವಾಗಿರಬಹುದು. ಒಂದೆರಡು ಕ್ಷಣ ತಿರುಗಿ, ನಿಂತು, ಮತ್ತೆ ತಿರುಗುತ್ತಿದ್ದರೆ ಬಯೋಸ್, ರ‍್ಯಾಮ್ ಅಥವಾ ಎಲ್ಲಿಯೋ ಆಗಿರುವ ಶಾರ್ಟ್ ಸರ್ಕ್ಯೂಟ್ ಬಗ್ಗೆ ಅನುಮಾನಿಸಬೇಕು. ನಿರಂತರವಾಗಿ ತಿರುಗುತ್ತಿದ್ದೂ ಪರದೆ ಕಪ್ಪಾಗಿದ್ದರೆ ಕೆಳಗಿನ ಕ್ರಮ ಅನುಸರಿಸಬಹುದು.

ಒಂದು: ಪ್ರೊಸೆಸರಿನ ಪಕ್ಕದಲ್ಲಿರುವ ನಾಲ್ಕು ಅಥವಾ ಎಂಟು ಪಿನ್‌ಗಳ 12 ವೋಲ್ಟ್ ಕನೆಕ್ಟರ್. ಕೂಲರ್ ಬಿಚ್ಚುವಾಗ ಇದನ್ನು ಕಿತ್ತು, ಮರಳಿ ಸಿಕ್ಕಿಸಲು ಮರೆಯುವವರು ಬಹಳ. ದೊಡ್ಡ 24 ಪಿನ್ ಕನೆಕ್ಟರಿನಿಂದ ಫ್ಯಾನ್ ತಿರುಗುತ್ತದೆ. ಆದರೆ ಪ್ರೊಸೆಸರಿಗೆ ವಿದ್ಯುತ್ ಹೋಗುವುದು ಈ ಸಣ್ಣ ಕನೆಕ್ಟರಿನಿಂದ.

ಎರಡು: ಮಾನಿಟರ್ ತಂತಿ ಎಲ್ಲಿದೆ ಎಂಬುದು. ಎಲ್ಲ ಪ್ರೊಸೆಸರುಗಳಲ್ಲಿಯೂ ಚಿತ್ರ ಮೂಡಿಸುವ ಗ್ರಾಫಿಕ್ಸ್ ಭಾಗ ಇರುವುದಿಲ್ಲ. ಐ5-3350ಪಿ, ಜಿಯಾನ್ ಇ3-1230 ವಿ2, ಇಂಟೆಲ್‌ನ ಈಚಿನ ಎಫ್ ಅಕ್ಷರದ ಮಾದರಿಗಳು, ಎಎಂ4 ಸಾಕೆಟ್‌ನ ಜಿ ಅಕ್ಷರವಿಲ್ಲದ ರೈಜನ್‌ಗಳು ಈ ಗುಂಪಿನವು. ಇವನ್ನು ಹಾಕಿದಾಗ ಮದರ್‌ಬೋರ್ಡಿನ ವಿಜಿಎ ಅಥವಾ ಎಚ್‌ಡಿಎಂಐ ಕಿಂಡಿಯಿಂದ ಏನೂ ಬಾರದು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕು. ಅಗ್ಗಕ್ಕೆ ಸಿಗುವ ಜಿಯಾನ್ ಕೊಂಡು ಮೋಸಹೋದೆವೆಂದು ಭಾವಿಸುವ ಅನೇಕರ ಸಮಸ್ಯೆಗೆ ಇದೇ ಮೂಲ.

ಮೂರು: ಬಯೋಸ್ ನೆನಪನ್ನು ಅಳಿಸುವುದು. ಬೋರ್ಡಿನ ಮೇಲಿರುವ ಸಿಆರ್2032 ಬಟನ್ ಬ್ಯಾಟರಿಯನ್ನು ತೆಗೆದು ಕೆಲವು ನಿಮಿಷ ಬಿಟ್ಟು ಹಾಕಿದರೆ, ಅಥವಾ ಕೈಪಿಡಿಯಲ್ಲಿ ತೋರಿಸಿರುವ ಜಂಪರನ್ನು ಬಳಸಿದರೆ, ಹಳೆಯ ಪ್ರೊಸೆಸರಿಗಾಗಿ ಉಳಿಸಿದ್ದ ಹೊಂದಿಕೆಗಳು ಹೋಗುತ್ತವೆ. ಹತ್ತು ವರ್ಷದ ಬ್ಯಾಟರಿಯಾಗಿದ್ದರೆ ಇದೇ ಸಂದರ್ಭದಲ್ಲಿ ಬದಲಿಸುವುದು ಜಾಣತನ.

ನಾಲ್ಕು: ರ‍್ಯಾಮ್. ಒಂದೇ ಒಂದು ಮಾಡ್ಯೂಲ್ ಇಟ್ಟು, ಸ್ಲಾಟ್ ಬದಲಿಸಿ ಪ್ರಯತ್ನಿಸಬೇಕು. ಇಲ್ಲೊಂದು ಉಪಯುಕ್ತ ಪರೀಕ್ಷೆಯಿದೆ. ಬೋರ್ಡಿಗೆ ಸಣ್ಣ ಸ್ಪೀಕರ್ ಸಿಕ್ಕಿಸಿ, ರ‍್ಯಾಮನ್ನು ಪೂರ್ತಿ ತೆಗೆದು ಯಂತ್ರ ಚಾಲೂ ಮಾಡಬೇಕು. ಬೀಪ್ ಸದ್ದು ಬಂದರೆ ಪ್ರೊಸೆಸರ್ ಬಯೋಸನ್ನು ಓದುತ್ತಿದೆ, ರ‍್ಯಾಮ್ ಇಲ್ಲವೆಂದು ದೂರುತ್ತಿದೆ ಎಂದರ್ಥ. ಅಂದರೆ ಪ್ರೊಸೆಸರ್ ಜೀವಂತವಾಗಿದೆ. ದೋಷ ಬೇರೆಡೆ ಇದೆ. ಏನೂ ಸದ್ದಿಲ್ಲದಿದ್ದರೆ ಅನುಮಾನ ಪ್ರೊಸೆಸರ್, ಬಯೋಸ್ ಅಥವಾ ಅದರ ವಿದ್ಯುತ್ ಕಡೆಗೆ ತಿರುಗುತ್ತದೆ.

ಐದು: ಹಾರ್ಡ್‌ಡಿಸ್ಕ್, ಡಿವಿಡಿ, ಹೆಚ್ಚುವರಿ ಕಾರ್ಡುಗಳನ್ನೆಲ್ಲ ಬಿಡಿಸಿ, ಪ್ರೊಸೆಸರ್, ಕೂಲರ್, ಒಂದು ರ‍್ಯಾಮ್ ಮತ್ತು ಪವರ್ ಸಪ್ಲೈ ಇಷ್ಟರಿಂದಲೇ ಚಾಲನೆ ಮಾಡಿ ನೋಡುವುದು. ಗ್ರಾಫಿಕ್ಸ್ ಭಾಗವಿಲ್ಲದ ಪ್ರೊಸೆಸರಾದರೆ ಗ್ರಾಫಿಕ್ಸ್ ಕಾರ್ಡನ್ನು ಮಾತ್ರ ಉಳಿಸಿಕೊಳ್ಳಬೇಕು.

ಆರು: ನಿರ್ಣಾಯಕ ಪರೀಕ್ಷೆ. ಹಳೆಯ ಪ್ರೊಸೆಸರನ್ನು ಮರಳಿ ಹಾಕಬೇಕು. ಯಂತ್ರ ಎಂದಿನಂತೆ ಎದ್ದರೆ ತೊಂದರೆ ಹೊಸ ಪ್ರೊಸೆಸರಿನದು ಅಥವಾ ಹೊಂದಾಣಿಕೆಯದು. ಹಳೆಯದೂ ಏಳದಿದ್ದರೆ ಜೋಡಿಸುವಾಗ ಏನೋ ಏಟು ಬಿದ್ದಿದೆ, ಸಡಿಲವಾಗಿದೆ ಅಥವಾ ಸೂಜಿ ಬಾಗಿದೆ ಎಂದು ತಿಳಿಯಬೇಕು.

ಕೂದಲೆಳೆಯಂತಹ ಸೂಜಿಗಳು

ಇಂಟೆಲ್‌ನ ಈ ಸಾಕೆಟ್‌ಗಳಲ್ಲಿ ಸೂಜಿಗಳಿರುವುದು ಮದರ್‌ಬೋರ್ಡಿನ ಮೇಲೆ. ಪ್ರೊಸೆಸರ್ ಕೈಜಾರಿ ಅವುಗಳ ಮೇಲೆ ಬಿದ್ದರೆ ಅಥವಾ ಬೆರಳು ತಗುಲಿದರೆ ನಾಲ್ಕಾರು ಬಾಗುತ್ತವೆ. ಎಲ್ಲ ಸೂಜಿಗಳೂ ಒಂದೇ ಮಹತ್ವದವಲ್ಲ. ಕೆಲವು ಬಾಗಿದರೆ ಯಂತ್ರ ಏಳುವುದೇ ಇಲ್ಲ. ಮತ್ತೆ ಕೆಲವು ಬಾಗಿದರೆ ಯಂತ್ರ ಎದ್ದರೂ 8 ಜಿಬಿ ರ‍್ಯಾಮಿನಲ್ಲಿ 4 ಜಿಬಿ ಮಾತ್ರ ಕಾಣಿಸುತ್ತದೆ. ಒಂದು ಸ್ಲಾಟ್‌ನಲ್ಲಿ ಯಾವ ರ‍್ಯಾಮ್ ಹಾಕಿದರೂ ಗುರುತಿಸದಿದ್ದರೆ ರ‍್ಯಾಮನ್ನು ಬದಲಿಸುವ ಮುನ್ನ ಟಾರ್ಚ್ ಮತ್ತು ಭೂತಗನ್ನಡಿ ಹಿಡಿದು ಸಾಕೆಟ್ ನೋಡಬೇಕು. ಬೆಳಕನ್ನು ಓರೆಯಾಗಿ ಬಿಟ್ಟರೆ ಸಾಲು ತಪ್ಪಿದ ಸೂಜಿ ಕಣ್ಣಿಗೆ ಬೀಳುತ್ತದೆ. ಅದನ್ನು ನೇರಗೊಳಿಸುವುದು ಸ್ಥಿರವಾದ ಕೈ ಇರುವವರ ಕೆಲಸ. ಒಮ್ಮೆ ಮುರಿದರೆ ಬೋರ್ಡ್ ಹೋದಂತೆಯೇ.

ಎಎಂ4 ಸಾಕೆಟ್‌ನಲ್ಲಿ ಸೂಜಿಗಳಿರುವುದು ಪ್ರೊಸೆಸರಿನ ಕೆಳಗೆ. ಒಣಗಿದ ಥರ್ಮಲ್ ಪೇಸ್ಟ್ ಅಂಟಿನಂತೆ ಹಿಡಿದು, ಕೂಲರ್ ಎತ್ತಿದಾಗ ಪ್ರೊಸೆಸರ್ ಕೂಡ ಕಿತ್ತುಬರುವುದುಂಟು. ಬಿಚ್ಚುವ ಮುನ್ನ ಯಂತ್ರವನ್ನು ಸ್ವಲ್ಪ ಹೊತ್ತು ಓಡಿಸಿ ಬೆಚ್ಚಗಾಗಿಸಿ, ಆರಿಸಿದ ಬಳಿಕ ಕೂಲರನ್ನು ನೇರವಾಗಿ ಎಳೆಯದೆ ಮೆಲ್ಲಗೆ ಅತ್ತಿತ್ತ ತಿರುಗಿಸಿ ಬಿಡಿಸುವುದು ಕ್ಷೇಮ.

ಎದ್ದ ಮೇಲಿನ ತೊಂದರೆಗಳು

ಪರದೆ ಬೆಳಗಿದೊಡನೆ ಕೆಲಸ ಮುಗಿಯಿತೆನ್ನುವಂತಿಲ್ಲ. ಹತ್ತು ನಿಮಿಷದಲ್ಲಿ ಯಂತ್ರ ತಾನಾಗಿ ಆರಿದರೆ ಮೊದಲು ಶಂಕಿಸಬೇಕಾದದ್ದು ಕೂಲರನ್ನು. ಇಂಟೆಲ್‌ನ ಜೊತೆಗೆ ಬರುವ ಕೂಲರಿನ ನಾಲ್ಕು ಕಾಲುಗಳಲ್ಲಿ ಮೂರು ಕಚ್ಚಿಕೊಂಡು ಒಂದು ಮೇಲೆದ್ದಿರುವುದು ಸಾಮಾನ್ಯ. ಕಾಲುಗಳನ್ನು ಕರ್ಣರೇಖೆಯಲ್ಲಿ ಎದುರುಬದುರಾಗಿ ಒತ್ತಬೇಕು. ಹಳೆಯ ಪೇಸ್ಟ್ ಪೂರ್ತಿ ಒರೆಸಿ, ನಡುವೆ ಹೆಸರುಕಾಳಿನಷ್ಟು ಹೊಸದನ್ನು ಇಟ್ಟರೆ ಸಾಕು. ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅದೂ ಸಾಲದಿದ್ದರೆ ಯಂತ್ರ ನಿಲ್ಲುತ್ತದೆ.

ಭಾರವಾದ ಕೆಲಸದ ನಡುವೆ ಯಂತ್ರ ಮರುಚಾಲನೆಗೊಂಡರೆ ಪವರ್ ಸಪ್ಲೈಯನ್ನು ಪರಿಶೀಲಿಸಬೇಕು. ಐ3-2100ರ ಉಷ್ಣ ಮಿತಿ 65 ವ್ಯಾಟ್, ಐ7-3770ರದು 77 ವ್ಯಾಟ್. ಈ ಅಂತರವನ್ನು ಒಳ್ಳೆಯ ಸ್ಥಿತಿಯ ಪವರ್ ಸಪ್ಲೈ ಸುಲಭವಾಗಿ ತಾಳುತ್ತದೆ. ಆದರೆ 125 ವ್ಯಾಟ್‌ನ ಎಎಂಡಿ ಎಫ್‌ಎಕ್ಸ್-8350ಯನ್ನು 95 ವ್ಯಾಟ್ ಮಿತಿಯ ಬೋರ್ಡಿಗೆ ಹಾಕುವುದು ಮೂಗಿಗಿಂತ ಮೂಗುತಿ ಭಾರವಾದಂತೆ. 12 ವೋಲ್ಟ್ ತಂತಿಯಲ್ಲಿ ಮಲ್ಟಿಮೀಟರ್ 11.4ರಿಂದ 12.6ರ ನಡುವೆ ತೋರಿಸಬೇಕು. ಪ್ರೊಸೆಸರಿನ ಸುತ್ತಲಿನ ಕೆಪಾಸಿಟರುಗಳ ತಲೆ ಉಬ್ಬಿದ್ದರೆ ಆ ಬೋರ್ಡಿನ ಮೇಲೆ ಮತ್ತೆ ಹಣ ಹಾಕುವುದು ವ್ಯರ್ಥ.

ಕೆಲವು ಭಯಗಳು ನಿರಾಧಾರ. ಸಿಪಿಯು-ಝಡ್ ತಂತ್ರಾಂಶ 3.4 ಗಿಗಾಹರ್ಟ್ಸ್ ಬದಲು 1.6 ತೋರಿಸಿದರೆ ನಕಲಿ ಮಾಲೆಂದು ತಿಳಿಯಬೇಕಿಲ್ಲ. ಕೆಲಸವಿಲ್ಲದಾಗ ವಿದ್ಯುತ್ ಉಳಿಸಲು ವೇಗ ಇಳಿಯುತ್ತದೆ; ಕೆಲಸ ಕೊಟ್ಟೊಡನೆ ಏರುತ್ತದೆ. ನಾಲ್ಕು ಕೋರ್‌ಗಳ ಬದಲು ಎರಡೇ ಕಂಡರೆ ವಿಂಡೋಸ್‌ನ ಎಂಎಸ್‌ಕಾನ್ಫಿಗ್‌ನಲ್ಲಿ ಬೂಟ್ ವಿಭಾಗದ ಸುಧಾರಿತ ಆಯ್ಕೆಗಳಿಗೆ ಹೋಗಿ, ಪ್ರೊಸೆಸರುಗಳ ಸಂಖ್ಯೆಗೆ ಯಾರಾದರೂ ಮಿತಿ ಹಾಕಿದ್ದಾರೆಯೇ ಎಂದು ನೋಡಬೇಕು.

ಎಲ್ಲಕ್ಕಿಂತ ಗಂಭೀರವಾದದ್ದು ದತ್ತಾಂಶದ ವಿಷಯ. ಪ್ರೊಸೆಸರ್ ಬದಲಿಸಿದ ಮಾತ್ರಕ್ಕೆ ವಿಂಡೋಸ್ ಮರುಸ್ಥಾಪಿಸುವ ಅಗತ್ಯ ಸಾಮಾನ್ಯವಾಗಿ ಬಾರದು. ಆದರೆ ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ, ಬಯೋಸ್ ಪರಿಷ್ಕರಣೆಯ ನಂತರ ಅದು 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಕೇಳಬಹುದು. ಎಎಂ4 ಯಂತ್ರಗಳಲ್ಲಿ ಹೊಸ ಪ್ರೊಸೆಸರ್ ಹಾಕಿದಾಗ ಎಫ್‌ಟಿಪಿಎಂ ಮರುಹೊಂದಿಸಬೇಕೇ ಎಂಬ ಪ್ರಶ್ನೆ ಪರದೆಯ ಮೇಲೆ ಬರುತ್ತದೆ. ಕೀಲಿ ಕೈಯಲ್ಲಿಲ್ಲದೆ ಹೌದು ಎಂದು ಒತ್ತಿದರೆ ವರ್ಷಗಳ ಲೆಕ್ಕಪತ್ರ, ಮಕ್ಕಳ ಛಾಯಾಚಿತ್ರಗಳೆಲ್ಲ ಬೀಗದ ಹಿಂದೆಯೇ ಉಳಿದುಬಿಡಬಹುದು. ಕೆಲಸಕ್ಕೆ ಮೊದಲೇ ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿದು, ಕೀಲಿಯನ್ನು ಬರೆದಿಟ್ಟುಕೊಂಡು, ಮುಖ್ಯ ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿಡಬೇಕು. ಪ್ರೊಸೆಸರ್ ಹಾಳಾದರೆ ಮತ್ತೊಂದು ಸಿಗುತ್ತದೆ, ಕಡತಗಳು ಸಿಗುವುದಿಲ್ಲ.

ಕೊಳ್ಳುವಾಗ ನೋಡಬೇಕಾದದ್ದು

ಹಳೆಯ ಪ್ರೊಸೆಸರಿನ ಲೋಹದ ಮುಚ್ಚಳದ ಮೇಲೆ ಮಾದರಿ ಸಂಖ್ಯೆಯ ಜೊತೆ ಎಸ್‌ಆರ್ ಅಕ್ಷರಗಳಿಂದ ಆರಂಭವಾಗುವ ಸಂಕೇತವಿರುತ್ತದೆ. ಐ7-3770ಕ್ಕೆ ಅದು ಎಸ್‌ಆರ್0ಪಿಕೆ. ಈ ಸಂಕೇತವನ್ನು ಬೆಂಬಲ ಪಟ್ಟಿಯೊಂದಿಗೆ ತಾಳೆ ನೋಡಬಹುದು. ಮುಚ್ಚಳದ ಮೇಲೆ ‘ಇಂಟೆಲ್ ಕಾನ್ಫಿಡೆನ್ಷಿಯಲ್’ ಎಂದಿದ್ದರೆ ಅದು ಮಾರಾಟಕ್ಕಲ್ಲದ ಪರೀಕ್ಷಾ ಮಾದರಿ. ಬಯೋಸ್ ಅದನ್ನು ಗುರುತಿಸುವ ಖಾತರಿಯಿಲ್ಲ. ಅಂಗಡಿಯಲ್ಲಿಯೇ ಒಂದು ಬೋರ್ಡಿಗೆ ಹಾಕಿಸಿ ಚಾಲನೆ ನೋಡುವುದು, ಹೊಂದದಿದ್ದರೆ ಹಿಂದಿರುಗಿಸುವ ಮಾತನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳುವುದು ನಂತರದ ವಾಗ್ವಾದವನ್ನು ತಪ್ಪಿಸುತ್ತದೆ.

ಬದಲಾವಣೆ ನಿಜಕ್ಕೂ ಬೇಕೇ?

ಯಂತ್ರ ನಿಧಾನವಾಗಲು ಪ್ರೊಸೆಸರೇ ಕಾರಣವೆಂದು ಮೊದಲು ಸಿದ್ಧವಾಗಬೇಕು. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದಾಗ ಸಿಪಿಯು ಅಂಕಿ ಕೆಳಗಿದ್ದು, ಡಿಸ್ಕ್ ಅಂಕಿ ಸದಾ ಶೇ 100ರ ಬಳಿ ಇದ್ದರೆ ಪ್ರೊಸೆಸರ್ ಬದಲಿಸಿ ಫಲವಿಲ್ಲ. ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿದರೆ ಅದೇ ಐ3 ಚುರುಕಾಗುತ್ತದೆ. ಎಚ್61 ಬೋರ್ಡಿನ ಸಾಟಾ ಕಿಂಡಿಗಳು ಸೆಕೆಂಡಿಗೆ 3 ಗಿಗಾಬಿಟ್ ಮಿತಿಯವಾದರೂ, ಹಾರ್ಡ್‌ಡಿಸ್ಕ್‌ಗೆ ಹೋಲಿಸಿದರೆ ವ್ಯತ್ಯಾಸ ಬರಿಗಣ್ಣಿಗೆ ಕಾಣುವಷ್ಟು ದೊಡ್ಡದು.

ಇನ್ನೊಂದು ಮಿತಿ ಕಾರ್ಯಾಚರಣ ವ್ಯವಸ್ಥೆಯದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ಕ್ಕೆ ಅಧಿಕೃತವಾಗಿ ಬೇಕಾದದ್ದು ಬಹುಮಟ್ಟಿಗೆ ಇಂಟೆಲ್‌ನ ಎಂಟನೆಯ ಪೀಳಿಗೆ ಅಥವಾ ಅದರ ನಂತರದ ಪ್ರೊಸೆಸರ್, ಜೊತೆಗೆ ಟಿಪಿಎಂ 2.0. ಐ3-2100ರ ಜಾಗಕ್ಕೆ ಐ7-3770 ಬಂದರೂ ಈ ಗೆರೆ ದಾಟಲಾಗದು. ಬ್ಯಾಂಕ್ ವ್ಯವಹಾರಕ್ಕೂ ಬಳಸುವ ಯಂತ್ರವಾದರೆ ಈ ಅಂಶವನ್ನು ಲಘುವಾಗಿ ಪರಿಗಣಿಸಬಾರದು. ಉಬುಂಟು, ಮಿಂಟ್ ಮುಂತಾದ ಲಿನಕ್ಸ್ ವ್ಯವಸ್ಥೆಗಳು ಇಂತಹ ಯಂತ್ರಗಳಲ್ಲಿ ಸರಾಗವಾಗಿ ಓಡುತ್ತವೆ. ಕನ್ನಡ ಯೂನಿಕೋಡ್ ಬರವಣಿಗೆಗೂ ಅಲ್ಲಿ ಅಡ್ಡಿಯಿಲ್ಲ. ಆದರೆ ವಿಂಡೋಸ್‌ಗೆಂದೇ ಬರೆದ ಲೆಕ್ಕಪತ್ರ ತಂತ್ರಾಂಶವನ್ನು ನೆಚ್ಚಿಕೊಂಡ ಕಚೇರಿಗೆ ಈ ದಾರಿ ಸುಲಭವಲ್ಲ.

ಪ್ರೊಸೆಸರ್, ಪವರ್ ಸಪ್ಲೈ, ರ‍್ಯಾಮ್ ಮತ್ತು ಎಸ್‌ಎಸ್‌ಡಿಗಳ ಒಟ್ಟು ಖರ್ಚನ್ನು ಒಂದು ಚೀಟಿಯಲ್ಲಿ ಬರೆದು, ಎಂಟನೆಯ ಪೀಳಿಗೆಯ ಮರುಮಾರಾಟದ ಯಂತ್ರದ ಬೆಲೆಯೊಂದಿಗೆ ಹೋಲಿಸಿದರೆ ತೀರ್ಮಾನ ತಾನಾಗಿಯೇ ಹೊಳೆಯುತ್ತದೆ. ಪ್ರೊಸೆಸರೊಂದರ ಬದಲಾವಣೆಯಿಂದ ಯಂತ್ರ ಇನ್ನೆರಡು ವರ್ಷ ಉಪಯೋಗಕ್ಕೆ ಬರುವುದಾದರೆ ಅದು ಲಾಭವೇ. ಒಂದಾದ ಮೇಲೊಂದು ಭಾಗ ಕೊಳ್ಳುತ್ತ ಹೋಗಬೇಕಾಗಿ ಬಂದರೆ ಅಲ್ಲಿಗೆ ನಿಲ್ಲಿಸುವುದು ವಿವೇಕ. ಆಗಲೂ ಬೋರ್ಡನ್ನು ಕಸದ ಬುಟ್ಟಿಗೆ ಎಸೆಯದೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತ ಮರುಬಳಕೆ ಘಟಕಗಳಿಗೆ ತಲುಪಿಸಬೇಕು. ಹಾಗೆ ಒಪ್ಪಿಸುವ ಮುನ್ನ ಡಿಸ್ಕನ್ನು ಮಾತ್ರ ಬಿಚ್ಚಿ ತೆಗೆದಿಟ್ಟುಕೊಳ್ಳುವುದನ್ನು ಮರೆಯಬಾರದು.